ಕಾಳಿಗೆ ಕಲ್ಲು, ಹಂದಿಗೆ ಬೈಗುಳ

ದೇವರಗುಡ್ಡದ ಮಾಲತೇಶನ ಗುಡಿ ಮುಂದೆ ಗೊರವಪ್ಪಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಕರಿ ಕಂಬಳಿ, ಕೈಯಲ್ಲಿ ಡಮರುಗ. ನಾಯಿ ಹಾಗೆ ಬೊಗಳುತ್ತ, ಭಕ್ತರು ದೋಣಿಗೆ ಹಾಕಿದ ಹಾಲು ಹಣ್ಣಿಗೆ ನೇರ ಬಾಯಿ ಹಾಕುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ಈ ಗುಡ್ಡದಲ್ಲಿ ಮನುಷ್ಯ ನಾಯಿಯಾಗೋದು ಅವಮಾನವಲ್ಲ, ಸೇವೆ. ಅದೇ ಯಾರನ್ನಾದರೂ 'ಹಂದಿ' ಅಂದು ನೋಡಿ, ಜಗಳ ಗ್ಯಾರಂಟಿ.

ನಾಯಿ, ಹಂದಿ ಎರಡೂ ನಮ್ಮ ಎಂಜಲು ತಿಂದುಕೊಂಡೇ ಹತ್ತಿರ ಬಂದವು. ಒಂದಕ್ಕೆ ದೇವರ ಪಕ್ಕ ಜಾಗ ಸಿಕ್ಕಿತು, ಇನ್ನೊಂದಕ್ಕೆ ಚರಂಡಿ. ಯಾಕೆ?

ಎರಡೂ ಎದುರಾಬದುರಾಗಿ ನಿಂತಿರುವ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದೆ. ಶಕ 872ರ ಶಾಸನ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದರು. ಚೆನ್ನಾಗಿ ಕಾದಾಡಿದ ಮಣಲೇರನಿಗೆ ಬೂತುಗ ಏನು ಬೇಕು ಕೇಳು ಅಂದ. ಆಸಾಮಿ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಮುಂದೆ ಕೆಲಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿ ಮೇಲೆ ಬಿಟ್ಟರು. ಎರಡೂ ಕಚ್ಚಾಡಿ ಎರಡೂ ಸತ್ತವು. ಕಾಳಿಗಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಎಚ್ಚರಿಕೆ ಬೇರೆ.

ಹೌದು, ಗೊರವ. ಅಲ್ಲಿ ಆ ಪದಕ್ಕೆ ಶೈವ ಪೂಜಾರಿ ಅನ್ನುವ ಅರ್ಥ, ಇಲ್ಲಿ ಮೈಲಾರನ ಒಕ್ಕಲು. ಆದರೂ ಸಾವಿರ ವರ್ಷದ ಹಿಂದೆ ನಾಯಿ ಕಲ್ಲಿಗೆ ಪೂಜೆ ಮಾಡಬೇಕಾಗಿದ್ದವನಿಗೂ ಇವತ್ತು ತಾನೇ ನಾಯಿಯಾಗುವವನಿಗೂ ಒಂದೇ ಹೆಸರು ಅನ್ನೋದು ನನಗಂತೂ ಮಜಾ ಅನಿಸುತ್ತದೆ. ಹಂದಿಗೆ ಸಿಕ್ಕಿದ್ದು ಕಲ್ಲಿನ ಮೇಲೆ ಕಾಳಿಯ ಎದುರಾಳಿಯ ಜಾಗ, ಅಷ್ಟೇ.

ಹಂದಿಯನ್ನು ಜನ ಸಾಕಲು ಶುರುಮಾಡಿದ್ದು ಸುಮಾರು 9000 ವರ್ಷದ ಹಿಂದೆ, ಈಗಿನ ಟರ್ಕಿಯ ಕಡೆ ಒಮ್ಮೆ, ಚೀನಾದಲ್ಲಿ ಬೇರೆಯಾಗಿ ಇನ್ನೊಮ್ಮೆ. ಅದು ಹಾಲು ಕೊಡಲ್ಲ, ಉಣ್ಣೆ ಕೊಡಲ್ಲ, ನೇಗಿಲು ಎಳೆಯಲ್ಲ. ಸರಿಯಾಗಿ ಬೆವರುವುದೂ ಇಲ್ಲ, ಅದಕ್ಕೇ ಮೈ ತಂಪಿಗೆ ಕೆಸರು ಬೇಕು. (ಗಲೀಜು ಅಂತ ನಾವು ಬೈಯೋದು ಅದರ ಏರ್‌ ಕಂಡೀಷನರ್‌ ಅನ್ನು.) ಇಂಥ ಪ್ರಾಣಿಯನ್ನು ಬಿಸಿಲಲ್ಲಿ ಊರಿಂದೂರಿಗೆ ಹೊಡೆದುಕೊಂಡು ಹೋಗಲಾಗದು. ಅದು ಒಂದೇ ಕಡೆ ನೆಲೆನಿಂತವರ ಪ್ರಾಣಿ. ಮೈಲಾರನ ಒಕ್ಕಲಲ್ಲಿ ಕುರುಬರದ್ದು ದೊಡ್ಡ ಪಾಲು. ಕುರಿ ನಡೆಯುತ್ತದೆ, ನಾಯಿ ಕಾಯುತ್ತ ಜೊತೆಗೆ ನಡೆಯುತ್ತದೆ. ಹಂದಿ ಆ ದಾರಿಯಲ್ಲಿ ಬರಲೇ ಇಲ್ಲ. ದೇವರ ಪರಿವಾರದಲ್ಲಿ ಅದಕ್ಕೆ ಜಾಗ ಸಿಗದಿರಲು ಗಲೀಜಿಗಿಂತ ಇದೇ ಕಾರಣ ಅಂತ ನನ್ನ ಲೆಕ್ಕ.

ಗಲೀಜೇ ಕಾರಣವಾಗಿದ್ದರೆ ಬಾದಾಮಿ ಚಾಲುಕ್ಯರು ವರಾಹವನ್ನು ಲಾಂಛನ ಮಾಡಿಕೊಳ್ಳುತ್ತಿರಲಿಲ್ಲ, ಚಿನ್ನದ ನಾಣ್ಯಕ್ಕೆ 'ವರಹ' ಅನ್ನುವ ಹೆಸರು ಬರುತ್ತಿರಲಿಲ್ಲ. 'ಕಾಂತಾರ' ನೋಡಿದವರಿಗೆ ತುಳುನಾಡಿನ ಪಂಜುರ್ಲಿಯೂ ಗೊತ್ತು: ಹೊಲ ಹಾಳುಮಾಡುವ ಹಂದಿಯನ್ನೇ ಅಲ್ಲಿ ದೈವ ಮಾಡಿ ನಂಬಿದ್ದಾರೆ.

ಹಾವೇರಿ ಕಡೆ ಅಂಥ ಒಪ್ಪಂದವಿಲ್ಲ. ಇದು ಗೋವಿನಜೋಳದ ಸೀಮೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಹಿಂಡು ರಾತ್ರಿ ಹೊಲಕ್ಕೆ ನುಗ್ಗಿದರೆ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ವರ್ಷದ ಗಂಜಿ ಒಂದೇ ರಾತ್ರಿಗೆ ನೆಲಕ್ಕೆ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಮನಸ್ಸಿಗೆ ಬಂದಂತೆ ಕೊಲ್ಲುವ ಹಾಗಿಲ್ಲ. ಅರ್ಜಿ ಹಾಕಿ ಪರಿಹಾರಕ್ಕೆ ಕಾಯಬೇಕು. ದಸರೆಯಲ್ಲಿ ಗೊರವಪ್ಪ ಬಿಲ್ಲೇರಿ ನುಡಿಯುವ ಕಾರ್ಣಿಕದಲ್ಲಿ ಮಳೆ ಬೆಳೆಯ ಗುಟ್ಟು ಹುಡುಕುವ ರೈತರೇ ಇತ್ತ ಬ್ಯಾಟರಿ ಹಿಡಿದು, ಡಬ್ಬ ಬಡಿಯುತ್ತ ರಾತ್ರಿಯಿಡೀ ಹೊಲ ಕಾಯುತ್ತಾರೆ. ಜೊತೆಗೆ ನಾಯಿ ಇದ್ದೇ ಇರುತ್ತದೆ.