ಪೆಪ್ಪರ್‌ಮಿಂಟ್ ಏಂಜೆಲ್ ಮೀನು
ದಕ್ಷಿಣ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಆಳದ ಹವಳ ದಿಬ್ಬಗಳಲ್ಲಿ ವಾಸಿಸುವ, ಪೋಮಕ್ಯಾಂಥಿಡೇ ಕುಟುಂಬದ ಗಿಡ್ಡ ಜಾತಿಯ ಕಡಲ ಮೀನು. ರಾರೊಟೊಂಗ ದ್ವೀಪದ ಬಳಿ ಹಿಡಿದ ಮಾದರಿಗಳ ಆಧಾರದ ಮೇಲೆ ಮೀನುತಜ್ಞರಾದ ಪೈಲ್ ಮತ್ತು ರ‍್ಯಾಂಡಲ್ 1992ರಲ್ಲಿ ಇದನ್ನು ಸೆಂಟ್ರೋಪೈಜ್ ಬಾಯ್ಲಿ ಎಂದು ವರ್ಣಿಸಿದರು. ಪ್ಯಾರಾಸೆಂಟ್ರೋಪೈಜ್ ಕುಲಕ್ಕೆ ಸೇರಿಸುವುದೂ ಉಂಟು.

ಉದ್ದ ಸುಮಾರು 7 ಸೆಂ.ಮೀ. ಕೆಂಪು ಮೈಮೇಲೆ ಮೇಲಿಂದ ಕೆಳಕ್ಕಿಳಿದ ಬಿಳಿ ಪಟ್ಟೆಗಳಿಂದ ಗುರುತು ಹಿಡಿಯುವುದು ಸುಲಭ. ಕಿವಿರಿನ ಮುಚ್ಚಳದ ಕೆಳತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು ಇಡೀ ಕುಟುಂಬದ ಲಕ್ಷಣ. ಹತ್ತಿರದ ಸಂಬಂಧಿಯಾದ ಚಿಟ್ಟೆಮೀನುಗಳಲ್ಲಿ ಅದಿಲ್ಲ. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುವುದರಿಂದ, ದೀಪ ಹಾಯಿಸದ ಹೊರತು ಈ ಮೀನು ತನ್ನ ನೆಲೆಯಲ್ಲಿ ಮಸುಕಾಗಿ ಕಾಣುತ್ತದೆ.

ಸಾಮಾನ್ಯವಾಗಿ 50 ಮೀಟರಿಗಿಂತ ಆಳದಲ್ಲಿ, 120 ಮೀಟರಿನವರೆಗೆ, ಕಲ್ಲುಚೂರುಗಳ ಸಂದಿಗಳಲ್ಲಿ ಅಡಗಿರುತ್ತದೆ. ಅಕ್ವೇರಿಯಂ ವ್ಯಾಪಾರದಲ್ಲಿ ಇದರ ದುಬಾರಿ ಬೆಲೆಗೆ ಮುಖ್ಯ ಕಾರಣ ಈ ಆಳವೇ. ಮುಳುಗುಗಾರರು ಹೀಲಿಯಂ ಬೆರೆಸಿದ ಅನಿಲ ಉಸಿರಾಡಿ ಇಳಿದು ಕೈಬಲೆಯಲ್ಲಿ ಹಿಡಿಯುತ್ತಾರೆ. ತಳದಲ್ಲಿ ಕಳೆಯುವುದು ನಿಮಿಷಗಳಾದರೆ ಒತ್ತಡ ಇಳಿಸಿಕೊಳ್ಳುತ್ತ ಮೇಲೇರಲು ಗಂಟೆಗಳು ಬೇಕು. ಮೀನಿಗೂ ಅದೇ ಕಷ್ಟ. 110 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಸುಮಾರು 12 ಪಟ್ಟು ಇರುವುದರಿಂದ, ನೇರವಾಗಿ ಮೇಲೆತ್ತಿದರೆ ಗಾಳಿಚೀಲದ ಅನಿಲ ಹಿಗ್ಗಿ ಒಳಾಂಗಗಳು ಜಜ್ಜಿಹೋಗುತ್ತವೆ. ಹಾಗಾಗಿ ಬುಟ್ಟಿಯಲ್ಲಿಟ್ಟು ಹಂತಹಂತವಾಗಿ ಏರಿಸುವ, ಇಲ್ಲವೇ ಸಣ್ಣ ಟೊಳ್ಳು ಸೂಜಿಯಿಂದ ಚೀಲದ ಗಾಳಿ ಬಿಡಿಸುವ ಕ್ರಮವಿದೆ. ಸೂಜಿ ಚುಚ್ಚುವುದು ನುರಿತವರ ಕೆಲಸ.

ಮನೆಯ ತೊಟ್ಟಿಗಳನ್ನು ತಲುಪಿದ ಮೀನುಗಳ ಸಂಖ್ಯೆ ತೀರ ಕಡಿಮೆ. ಹೊನೊಲುಲುವಿನ ವೈಕಿಕಿ ಅಕ್ವೇರಿಯಂ ಇದನ್ನು ಸಾರ್ವಜನಿಕ ಪ್ರದರ್ಶನಕ್ಕಿಟ್ಟಿತ್ತು.