ಗುಡ್ಡದ ಕೇಪುಳ ಹೆಸರು ಪಡೆದ ಕಥೆ

ಮಂಗಳೂರು, ಕಾಸರಗೋಡು ಕಡೆಯ ಮುರಕಲ್ಲಿನ ಪದವುಗಳಲ್ಲಿ ವರ್ಷವಿಡೀ ಹಸಿರಾಗಿರುವ ಪೊದೆ ಕೇಪುಳ. ಕೇರಳದಲ್ಲಿ ಇದು ಚೆತ್ತಿ ಅಥವಾ ತೆಚ್ಚಿ. ಹೂ ದೇವರಿಗೆ, ದೈವಗಳ ಅಲಂಕಾರಕ್ಕೆ. ಹಣ್ಣು ಮಕ್ಕಳ ಬಾಯಿಗೆ. ಹೂವಿನದೇ ತಂಬುಳಿಯೂ ಉಂಟು. ಇಷ್ಟು ಪರಿಚಿತವಾದ ಗಿಡಕ್ಕೆ ಮುನ್ನೂರು ವರ್ಷಗಳಿಗೂ ಹಳೆಯ ದಾಖಲೆಯಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳನ್ನು ಬರೆಸಿಟ್ಟ. ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದಕ್ಕೆ ತಿಳಿವಳಿಕೆ ಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುದನ್ ಮತ್ತು ಕೊಂಕಣಿ ಮಾತಿನ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಚೆತ್ತಿ ಅಲ್ಲಿ ‘ಶೆಟ್ಟಿ’ ಎಂದು ಕಾಣುವ ಲ್ಯಾಟಿನ್ ಕಾಗುಣಿತದಲ್ಲಿ ಸೇರಿಕೊಂಡಿತು.

ಭಾರತವನ್ನೇ ಕಾಣದ ಲಿನೇಯಸ್ 1753ರಲ್ಲಿ ಇದಕ್ಕೆ ‘ಇಕ್ಸೋರಾ ಕಾಕ್ಸಿನಿಯಾ’ ಎಂದು ಹೆಸರಿಟ್ಟ. ಕಾಕ್ಸಿನಿಯಾ ಎಂದರೆ ಕಡುಗೆಂಪು. ಇಕ್ಸೋರಾ ನಮ್ಮ ‘ಈಶ್ವರ’ನೇ, ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು ಎನ್ನುತ್ತಾರೆ. ಹೆಸರು ಜಗತ್ತಿನ ತೋಟಗಳನ್ನೆಲ್ಲ ಸುತ್ತಿತು. ತಿಳಿವಳಿಕೆ ಕೊಟ್ಟ ವೈದ್ಯರನ್ನು ಮಾತ್ರ ನೆನೆಯುವವರು ಕಡಿಮೆ. ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಮೇಲೆ ಅವರ ಮಾತು ಮತ್ತೆ ಕೇಳುವಂತಾಯಿತು.

ಈಗ ಅಪಾಯದಲ್ಲಿರುವುದು ಹೆಸರಲ್ಲ, ಗಿಡ ನಿಂತ ನೆಲ. ಕೆಂಪುಕಲ್ಲಿನ ಕೋರೆ, ರಬ್ಬರ್, ಸೈಟು ಬಂದಲ್ಲೆಲ್ಲ ಮೊದಲು ಹೋಗುವುದು ಪೊದೆಗಳೇ. ಬದಲಿಗೆ ನರ್ಸರಿಯಿಂದ ಕುಳ್ಳ ಜಾತಿಯ ಇಕ್ಸೋರಾ ತಂದು ಗೇಟಿನ ಬಳಿ ನೆಡುತ್ತೇವೆ. ಗುಡ್ಡದ ಕೇಪುಳ ಅದಕ್ಕಿಂತ ಕಷ್ಟದ್ದೇನಲ್ಲ.

ಬುಡಸಮೇತ ಕಿತ್ತು ತರಬೇಡಿ, ಬದುಕುವುದು ಅಪರೂಪ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಅರೆ ಬಲಿತ ಗೆಲ್ಲು ನೆಡಿ; ಇಲ್ಲವೇ ಕಳಿತ ಹಣ್ಣಿನ ಬೀಜ ಹಾಕಿ. ಇದಕ್ಕೆ ಹುಳಿ ಮಣ್ಣೇ ಇಷ್ಟ, ನಮ್ಮ ಮುರ ಮಣ್ಣು ಹೇಳಿ ಮಾಡಿಸಿದ್ದು. ಸಿಮೆಂಟ್ ಗೋಡೆಗೆ ತಾಗಿಸಿ ನೆಟ್ಟರೆ ಸುಣ್ಣದಂಶ ಸೇರಿ, ಕಬ್ಬಿಣ ಸಿಗದೆ, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಒಂದೆರಡು ಮಾರು ದೂರ ನೆಡಿ, ಬುಡಕ್ಕೆ ತರಗೆಲೆ ಹಾಕಿ. ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಹಾಗಾಗಿ ಹೂ ಮುಗಿದ ಮೇಲಷ್ಟೇ ಸವರಿ.

ಒಂದೆರಡು ಗೊಂಚಲು ಕೊಯ್ಯದೆ ಬಿಡಿ. ಹಣ್ಣಾದರೆ ಹಕ್ಕಿ ತಿಂದು ಬೀಜವನ್ನು ಇನ್ನೆಲ್ಲಿಗೋ ಒಯ್ದೀತು.