ಕಾಲೇಜು ಮೈದಾನಕ್ಕೆ ಕ್ಯಾಮೆರಾ ಬಂದ ಕಥೆ



ದಾವಣಗೆರೆಯ ಒಂದು ಕಾಲೇಜು ಮೈದಾನದಲ್ಲಿ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಎದುರಾಳಿ ತಂಡ ಹರಿಹರದ್ದು. ಸುಮಾರು 14 ಕಿಲೋಮೀಟರ್ ದೂರದಿಂದ ಆಟಗಾರರೇನೋ ಬಸ್ಸು ಹತ್ತಿ ಬಂದಿದ್ದಾರೆ. ಅವರ ಸಹಪಾಠಿಗಳಲ್ಲಿ ಹೆಚ್ಚಿನವರು ಬಂದಿಲ್ಲ. ಒಬ್ಬರಿಗೆ ಪ್ರಯೋಗಾಲಯದ ತರಗತಿ, ಇನ್ನೊಬ್ಬರಿಗೆ ಮನೆಯ ಕೆಲಸ, ಮತ್ತೊಬ್ಬರಿಗೆ ಬಸ್ಸಿನ ಹಣವಿಲ್ಲ. ಊರಿನಲ್ಲಿದ್ದುಕೊಂಡೇ ಆ ಪಂದ್ಯವನ್ನು ನೋಡುವ ಹಕ್ಕು ಅವರಿಗೆ ಇದೆಯೆ? ಅದನ್ನು ತೋರಿಸುವ ಅಧಿಕಾರ ಯಾರದು? ತವರು ಮೈದಾನದ ಕಾಲೇಜಿನದೆ, ಕ್ರೀಡಾ ಸಂಘಟನೆಯದೆ, ಹಣ ಕೊಟ್ಟು ಪ್ರಸಾರ ಮಾಡುವವರದೆ ಅಥವಾ ನೋಡುವ ಜನರದೆ?

ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಇಂಥ ಪ್ರಶ್ನೆ ಎರಡು ದೇಶಗಳ ಸರ್ವೋಚ್ಚ ನ್ಯಾಯಾಲಯಗಳ ಮೆಟ್ಟಿಲು ಹತ್ತಿದೆ. ಅಮೆರಿಕದಲ್ಲಿ ಅದು ಹುಟ್ಟಿದ್ದೇ ಕಾಲೇಜು ಫುಟ್‌ಬಾಲಿನಿಂದ. ಆ ಇತಿಹಾಸವನ್ನು ತಿಳಿದರೆ ನಮ್ಮ ಮೈದಾನದ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

ಕಣ್ಣಳತೆಯ ಲೆಕ್ಕ

ದೂರದರ್ಶನದ ಆರಂಭದ ವರ್ಷಗಳಲ್ಲೇ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕಿರುತೆರೆಯ ಮೇಲೆ ಕಂಡಿತು. 1937ರ ಸೆಪ್ಟೆಂಬರ್ 16ರಂದು ಬಿ.ಬಿ.ಸಿ. ಸಂಸ್ಥೆ ಲಂಡನ್ನಿನ ಹೈಬರಿ ಮೈದಾನದಿಂದ ಆರ್ಸೆನಲ್ ತಂಡ ಮತ್ತು ಅದರದೇ ಮೀಸಲು ತಂಡದ ನಡುವಿನ ಆಟವನ್ನು ತೋರಿಸಿತು. ಆ ಮೈದಾನವನ್ನೇ ಆರಿಸಿದ್ದೇಕೆ? ಬಿ.ಬಿ.ಸಿ.ಯ ಪ್ರಸಾರ ಗೋಪುರವಿದ್ದ ಅಲೆಕ್ಸಾಂಡ್ರಾ ಅರಮನೆ ಅಲ್ಲಿಗೆ ಹತ್ತಿರವಿತ್ತು. ದೂರದರ್ಶನದ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ದಿಗಂತದ ಆಚೆಗೆ ಅವು ಸುಲಭವಾಗಿ ತಲುಪುವುದಿಲ್ಲ.

ಇದರ ಲೆಕ್ಕವನ್ನು ನೀವೇ ಮಾಡಬಹುದು. ಕಂಬದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ದಾವಣಗೆರೆಯ ಮೈದಾನದ ಬದಿಯಲ್ಲಿ 10 ಮೀಟರಿನ ಕಂಬ ನೆಟ್ಟರೆ ಈ ದೂರ ಸುಮಾರು 11 ಕಿಲೋಮೀಟರ್. ಅಂದರೆ ಹರಿಹರದ ನೆಲಕ್ಕೆ ಅಲೆ ಮುಟ್ಟುವುದಿಲ್ಲ. ಆದರೆ ಹರಿಹರದ ಮನೆಯೊಂದರ ಮಾಳಿಗೆಯ ಮೇಲೆ 10 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ಎರಡು ದೂರಗಳೂ ಕೂಡಿ 22 ಕಿಲೋಮೀಟರ್ ದಾಟುತ್ತವೆ. ನಡುವೆ ಅಡ್ಡಿಯಿಲ್ಲದಿದ್ದರೆ ಚಿತ್ರ ತಲುಪುತ್ತದೆ. ಆರಂಭದ ದಿನಗಳಲ್ಲಿ ಯಾವ ಮೈದಾನ ಕಿರುತೆರೆಗೆ ಬರಬೇಕೆಂಬುದನ್ನು ಆಟದ ಹಿರಿಮೆಗಿಂತ ಹೆಚ್ಚಾಗಿ ಇಂಥ ಲೆಕ್ಕಗಳೇ ನಿರ್ಧರಿಸುತ್ತಿದ್ದವು.

ಅಮೆರಿಕದಲ್ಲಿ ಕಾಲೇಜು ಕ್ರೀಡೆಗೆ ಕ್ಯಾಮೆರಾ ಬಂದದ್ದು 1939ರಲ್ಲಿ. ಮೇ 17ರಂದು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಬೇಸ್‌ಬಾಲ್ ಪಂದ್ಯವನ್ನು ಎನ್.ಬಿ.ಸಿ.ಯ ಪ್ರಾಯೋಗಿಕ ಕೇಂದ್ರ ಒಂದೇ ಕ್ಯಾಮೆರಾದಿಂದ ತೋರಿಸಿತು. ಆಟಗಾರರು ಇರುವೆಗಳಂತೆ ಕಂಡರು, ಚೆಂಡಂತೂ ಕಾಣಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ಫೋರ್ಡಮ್ ಮತ್ತು ವೇನ್ಸ್‌ಬರ್ಗ್ ಕಾಲೇಜುಗಳ ಫುಟ್‌ಬಾಲ್ ಪಂದ್ಯ ಪ್ರಸಾರವಾಯಿತು. ಫೋರ್ಡಮ್ 34–7ರಿಂದ ಗೆದ್ದಿತು. ಇಲ್ಲಿ ಒಂದು ಮಾತು ನೆನಪಿಡಿ: ಅಮೆರಿಕದವರು ಫುಟ್‌ಬಾಲ್ ಎನ್ನುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟಕ್ಕೆ. ಆದರೆ ಪ್ರಸಾರದ ಪ್ರಶ್ನೆಗಳು ಎರಡೂ ಆಟಗಳಿಗೆ ಒಂದೇ.

ಪೆನ್ಸಿಲ್ವೇನಿಯದ ಹಟ

ಫಿಲಡೆಲ್ಫಿಯಾ ನಗರದಲ್ಲಿ ಫಿಲ್ಕೋ ಎಂಬ ರೇಡಿಯೋ ತಯಾರಕ ಕಂಪನಿ ಇತ್ತು. ಅದರ ಪ್ರಾಯೋಗಿಕ ದೂರದರ್ಶನ ಕೇಂದ್ರ 1940ರ ಅಕ್ಟೋಬರ್ 5ರಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಮೈದಾನದಿಂದ ಪಂದ್ಯವೊಂದನ್ನು ಪ್ರಸಾರ ಮಾಡಿತು. ತವರಿನ ತಂಡ ಮೇರಿಲ್ಯಾಂಡನ್ನು 51–0ರಿಂದ ಸೋಲಿಸಿತು. ಮುಂದೆ ಆ ದಶಕದಲ್ಲಿ ಪೆನ್ಸಿಲ್ವೇನಿಯದ ತವರು ಪಂದ್ಯಗಳು ಕಿರುತೆರೆಯಲ್ಲಿ ಕಾಣುವುದು ಆ ಊರಿಗೆ ರೂಢಿಯಾಯಿತು.

ಕಂಪನಿಗೆ ಇದರಿಂದ ಏನು ಲಾಭ? ದೂರದರ್ಶನ ಪೆಟ್ಟಿಗೆ ಮಾರಬೇಕಾದರೆ ಅದರಲ್ಲಿ ನೋಡಲು ಏನಾದರೂ ಇರಬೇಕಲ್ಲವೆ? ಕಾಲೇಜು ಪಂದ್ಯಕ್ಕೆ ವೇದಿಕೆ ಕಟ್ಟಬೇಕಿಲ್ಲ, ನಟರನ್ನು ಕರೆಸಬೇಕಿಲ್ಲ. ಹಗಲು ಬೆಳಕಿನಲ್ಲಿ, ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಅದು ನಡೆಯುತ್ತದೆ. ಬೆಳಕಿನ ವಿಷಯ ಮುಖ್ಯ. ಅಂದಿನ ಕ್ಯಾಮೆರಾದ ಐಕನೋಸ್ಕೋಪ್ ಕೊಳವೆಗೆ ಪ್ರಖರವಾದ ಬೆಳಕು ಬೇಕಿತ್ತು. ಮೋಡ ಕವಿದರೆ ಚಿತ್ರ ಮಂಕಾಗುತ್ತಿತ್ತು. ಯುದ್ಧದ ನಂತರ ಬಂದ ಇಮೇಜ್ ಆರ್ಥಿಕಾನ್ ಕೊಳವೆ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡಬಲ್ಲದಾಗಿತ್ತು.

1950ರ ಹೊತ್ತಿಗೆ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ದೂರದರ್ಶನವಿತ್ತು. ಆಗ ಕಾಲೇಜುಗಳಿಗೆ ಭಯ ಹುಟ್ಟಿತು. ಮನೆಯಲ್ಲೇ ಪುಕ್ಕಟೆಯಾಗಿ ಆಟ ಕಂಡರೆ ಟಿಕೆಟ್ ಕೊಂಡು ಮೈದಾನಕ್ಕೆ ಬರುವವರು ಯಾರು? ಕಾಲೇಜುಗಳ ರಾಷ್ಟ್ರೀಯ ಕ್ರೀಡಾ ಸಂಘಟನೆಯಾದ ಎನ್.ಸಿ.ಎ.ಎ. 1951ರಲ್ಲಿ ಪ್ರಸಾರಕ್ಕೆ ಕಟ್ಟುಪಾಡು ಹಾಕಿತು. ಪೆನ್ಸಿಲ್ವೇನಿಯ ಅದನ್ನು ಒಪ್ಪದೆ, ತನ್ನ ಎಲ್ಲ ತವರು ಪಂದ್ಯಗಳನ್ನೂ ತೋರಿಸುವುದಾಗಿ ಸಾರಿತು. ಸಂಘಟನೆ ಅದನ್ನು ನಿಯಮ ಮೀರಿದ ಸದಸ್ಯನೆಂದು ಘೋಷಿಸಿತು. ಅದರೊಡನೆ ಆಡಬೇಕಿದ್ದ ಕಾಲೇಜುಗಳು ಆಡಲು ಹಿಂಜರಿದವು. ಎದುರಾಳಿಯೇ ಇಲ್ಲದ ಮೇಲೆ ಯಾವ ಪಂದ್ಯ, ಯಾವ ಪ್ರಸಾರ? ಕೆಲವೇ ವಾರಗಳಲ್ಲಿ ಪೆನ್ಸಿಲ್ವೇನಿಯ ಮಣಿಯಿತು. 1952ರಿಂದ ದೇಶಕ್ಕೆಲ್ಲ ವಾರಕ್ಕೊಂದು ಪಂದ್ಯ ಎಂಬ ಪದ್ಧತಿ ಬಂದಿತು.

ಸಂಘಟನೆ ಮಾಡಿದ್ದು ಪೂರ್ತಿ ತಪ್ಪೆಂದು ಆತುರಪಟ್ಟು ತೀರ್ಮಾನಿಸಬೇಡಿ. ಸಣ್ಣ ಕಾಲೇಜುಗಳಿಗೆ ಟಿಕೆಟ್ಟಿನ ಹಣವೇ ಆಧಾರ. ನಗರದ ದೊಡ್ಡ ತಂಡವೊಂದರ ಆಟ ಪ್ರತಿ ಶನಿವಾರ ಮನೆಗೇ ಬಂದರೆ ಪಕ್ಕದ ಸಣ್ಣ ಕಾಲೇಜಿನ ಮೈದಾನ ಖಾಲಿಯಾಗುವ ಸಂಭವವಿತ್ತು. ಆದರೆ ಆ ಭಯಕ್ಕೆ ಕಂಡುಕೊಂಡ ಮದ್ದಿನಿಂದ ನೂರಾರು ಪಂದ್ಯಗಳು ಯಾರ ಕಣ್ಣಿಗೂ ಬೀಳದೆ ಹೋದವು.

ಎರಡು ತೀರ್ಪುಗಳು

ಈ ಕಟ್ಟುಪಾಡು ಮೂರು ದಶಕಗಳಿಗೂ ಹೆಚ್ಚು ಕಾಲ ಬಾಳಿತು. ಕೊನೆಗೆ ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. 1984ರ ಜೂನ್ 27ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಸಂಘಟನೆಯ ಹತೋಟಿ ವ್ಯಾಪಾರ ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು 7–2ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರು ವಿದ್ಯಾರ್ಥಿ ದಿನಗಳಲ್ಲಿ ಸ್ವತಃ ಹೆಸರಾಂತ ಕಾಲೇಜು ಫುಟ್‌ಬಾಲ್ ಆಟಗಾರರಾಗಿದ್ದರೆಂಬುದು ಸ್ವಾರಸ್ಯಕರ. ಕಾಲೇಜು ಕ್ರೀಡೆಯನ್ನು ಬರಿಯ ವ್ಯಾಪಾರವೆಂದು ತೂಗಬಾರದೆಂಬುದು ಅವರ ನಿಲುವಾಗಿತ್ತು.

ತೀರ್ಪಿನ ಫಲವೇನು? ಪ್ರಸಾರವಾಗುವ ಪಂದ್ಯಗಳ ಸಂಖ್ಯೆ ಬಹಳ ಹೆಚ್ಚಿತು. ಹಣ ಮಾತ್ರ ಹೆಸರು ಮಾಡಿದ ತಂಡಗಳ ಕಡೆಗೇ ಹರಿಯಿತು. 1991ರಿಂದ ನೋಟರ್ ಡೇಮ್ ವಿಶ್ವವಿದ್ಯಾಲಯದ ತವರು ಪಂದ್ಯಗಳಿಗಾಗಿಯೇ ಎನ್.ಬಿ.ಸಿ. ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ಸಂಘಟನೆಯ ಹತೋಟಿ ಹೋಗಿ ಮಾರುಕಟ್ಟೆಯ ಹತೋಟಿ ಬಂದಿತು.

ಭಾರತದ ಉತ್ತರ ಬೇರೆಯಾಗಿತ್ತು. 1993ರ ಹೀರೋ ಕಪ್ ಕ್ರಿಕೆಟ್ ಪಂದ್ಯಗಳ ಪ್ರಸಾರದ ವಿವಾದದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿ 9ರಂದು ತೀರ್ಪು ನೀಡಿತು. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವೂ ಆಗಬಾರದು, ಖಾಸಗಿಯವರ ಏಕಸ್ವಾಮ್ಯವೂ ಆಗಬಾರದು ಎಂಬುದು ಅದರ ತಿರುಳು. ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಲ್ಲಿ ಬಂದಿತು. ನೋಡುವವನಿಗೂ ಹಕ್ಕಿದೆ ಎಂಬ ಮಾತಿಗೆ ಇಲ್ಲಿ ಮನ್ನಣೆ ದೊರೆಯಿತು. ಆದರೆ ‘ರಾಷ್ಟ್ರೀಯ ಮಹತ್ವ’ ಎಂಬ ಅಳತೆಗೋಲಿಗೆ ದಾವಣಗೆರೆ–ಹರಿಹರಗಳ ಕಾಲೇಜು ಪಂದ್ಯ ಎಟಕುವುದಿಲ್ಲ.

ಕಾಣದೆ ಹೋದ ಗೆಲುವುಗಳು

ಆಟ ಕಣ್ಣಿಗೆ ಬೀಳದಿದ್ದರೆ ನಷ್ಟವೇನು? ನಮ್ಮ ನಾಡಿನ ಫುಟ್‌ಬಾಲನ್ನೇ ನೋಡಿ. ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಭಾರತದಲ್ಲಿ ದೂರದರ್ಶನ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಎರಡನೆಯ ನಗರವಾದ ಮುಂಬಯಿಗೆ ಅದು ಬಂದದ್ದು 1972ರಲ್ಲಿ, ಬೆಂಗಳೂರಿನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಹಾಗಾಗಿ ಆ ನಾಲ್ಕು ಗೆಲುವುಗಳಲ್ಲಿ ಒಂದನ್ನೂ ಕನ್ನಡ ನಾಡಿನ ಯಾವ ಮನೆಯವರೂ ಕಿರುತೆರೆಯ ಮೇಲೆ ಕಾಣಲಿಲ್ಲ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಆ ಟ್ರೋಫಿ ಎತ್ತಿದಾಗ, ಹಿಂದೆಯೂ ನಾವು ಗೆದ್ದಿದ್ದೆವೆ ಎಂದು ಬೆರಗಾದ ಹುಡುಗರು ಎಷ್ಟೋ ಮಂದಿ! ಅವರನ್ನು ದೂರುವಂತಿಲ್ಲ. ಕಂಡದ್ದು ನೆನಪಿನಲ್ಲಿ ಉಳಿಯುತ್ತದೆ; ಕಾಣದ್ದು ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ.

ದಾವಣಗೆರೆಯ ಪದವಿ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದಕ್ಕೆ, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಷ್ಟು ವರ್ಷ ಅಲ್ಲಿ ಆಡಿದ ಹುಡುಗ ಹುಡುಗಿಯರ ಆಟಕ್ಕೆ ಗಾಜಿನ ಕಪಾಟಿನ ಕಪ್ಪುಗಳಲ್ಲದೆ ಬೇರೆ ಯಾವ ಸಾಕ್ಷಿ ಉಳಿದಿದೆ? ನಿಮ್ಮ ಕಾಲೇಜಿನಲ್ಲೇ ಒಮ್ಮೆ ವಿಚಾರಿಸಿ.

ಈಗ ಕೆಲಸ ನಿಮ್ಮದು

ಈಗ ಮೊದಲ ಪ್ರಶ್ನೆಗೆ ಬರೋಣ. ಅಮೆರಿಕದ ಕಾಲೇಜುಗಳನ್ನು ಹೆದರಿಸಿದ್ದು ಟಿಕೆಟ್ಟಿನ ಹಣ. ನಮ್ಮ ಅಂತರ ಕಾಲೇಜು ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ. ತೋರಿಸಿದರೆ ಕಳೆದುಕೊಳ್ಳುವವರು ಯಾರೂ ಇಲ್ಲ. ದಿಗಂತದ ಅಡ್ಡಿಯೂ ಈಗಿಲ್ಲ. ಮೊಬೈಲ್ ಫೋನಿನ ಚಿತ್ರ ಅಂತರಜಾಲದ ಮೂಲಕ ಹರಿಹರಕ್ಕೇನು, ಹೊರದೇಶಕ್ಕೂ ಹೋಗುತ್ತದೆ. ಆದ್ದರಿಂದ ನೋಡುವ ಹಕ್ಕು ಜನರದು, ತೋರಿಸುವ ಹೊಣೆ ಆಡಿಸುವ ಕಾಲೇಜಿನದು ಎಂದು ನಾನು ಹೇಳುತ್ತೇನೆ.

ಹೊಣೆ ಎಂದ ಮೇಲೆ ಕೆಲಸ ಅಚ್ಚುಕಟ್ಟಾಗಿರಬೇಕು. ಹೊರಾಂಗಣ ಪ್ರಸಾರದಲ್ಲಿ ನಾವು ಪಾಲಿಸುವ ಕೆಲವು ನಿಯಮಗಳನ್ನು ಹೇಳುತ್ತೇನೆ. ಮುಖ್ಯ ಕ್ಯಾಮೆರಾವನ್ನು ಮೈದಾನದ ನಡುಗೆರೆಯ ನೇರಕ್ಕೆ, ಎತ್ತರದ ಜಾಗದಲ್ಲಿ ಇಡಿ. ಸಂಜೆಯ ಪಂದ್ಯವಾದರೆ ಪಶ್ಚಿಮದ ಬದಿಯಲ್ಲಿ ನಿಲ್ಲಿ, ಆಗ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಎರಡನೆಯ ಕ್ಯಾಮೆರಾ ಇದ್ದರೆ ಅದೂ ಅದೇ ಬದಿಯಲ್ಲಿರಲಿ. ಎದುರು ಬದಿಗೆ ಹೋದರೆ ಎಡಕ್ಕೆ ಓಡುವ ಆಟಗಾರ ಇದ್ದಕ್ಕಿದ್ದಂತೆ ಬಲಕ್ಕೆ ಓಡುವಂತೆ ಕಂಡು ನೋಡುವವರು ಗೊಂದಲಪಡುತ್ತಾರೆ. ಚೆಂಡಿನ ಹಿಂದೆ ಕ್ಯಾಮೆರಾವನ್ನು ಗಡಿಬಿಡಿಯಿಂದ ಓಡಿಸಬೇಡಿ. ವೀಕ್ಷಕ ವಿವರಣೆ ಕನ್ನಡದಲ್ಲಿರಲಿ, ಆಡುವವರ ಹೆಸರುಗಳನ್ನು ಮೊದಲೇ ಬರೆದುಕೊಳ್ಳಿ. ಎರಡೂ ತಂಡಗಳ ಮತ್ತು ಪ್ರಾಂಶುಪಾಲರ ಒಪ್ಪಿಗೆ ಪಡೆಯಲು ಮರೆಯಬೇಡಿ. ಪಂದ್ಯ ಮುಗಿದ ಮೇಲೆ ದಿನಾಂಕ, ಸ್ಥಳ, ಫಲಿತಾಂಶ ಬರೆದು ಒಂದು ಪ್ರತಿಯನ್ನು ಕಾಲೇಜು ಗ್ರಂಥಾಲಯಕ್ಕೆ ಕೊಡಿ.

ಐವತ್ತು ವರ್ಷಗಳ ನಂತರ ನಿಮ್ಮ ಊರಿನ ಕ್ರೀಡೆಯ ಇತಿಹಾಸ ಬರೆಯಲು ಕೂರುವವರಿಗೆ ಆ ಪ್ರತಿಯೇ ಆಧಾರವಾಗುತ್ತದೆ. ಮುಂದಿನ ಪಂದ್ಯದ ದಿನಾಂಕವನ್ನು ಸೂಚನಾ ಫಲಕದಲ್ಲಿ ಇಂದೇ ನೋಡಿಕೊಳ್ಳಿ.